ಪದ್ಧತಿ ಬಿಡಬೇಕೋ, ಬಗ್ಗಿಸಬೇಕೋ?

ಬಸವೇಶ್ವರನಗರದ ಓದುಗರೊಬ್ಬರ ಪತ್ರದ ಸಾರ ಇದು: “ನಮ್ಮ ಬಡಾವಣೆಯ ಬ್ಯಾಸ್ಕೆಟ್‌ಬಾಲ್ ತಂಡ ಈ ಸಲ ಒಂಬತ್ತು ಪಂದ್ಯಗಳಲ್ಲಿ ಏಳು ಸೋತಿದೆ. ಕೋಚ್ ಸರ್ ಐವರೂ ಜಾಗ ಬದಲಿಸುತ್ತ ಸುತ್ತುವ ಹಳೇ ಫ್ಲೆಕ್ಸ್ ಪದ್ಧತಿಯನ್ನೇ ಹಿಡಿದು ಕೂತಿದ್ದಾರೆ. ಬದಲಿಸಿ ಅಂದರೆ ‘ಪದ್ಧತಿ ಸರಿಯಾಗಿದೆ, ಹುಡುಗರು ಸರಿಯಾಗಿ ಓಡ್ತಿಲ್ಲ’ ಅನ್ನುತ್ತಾರೆ. 2019ರಲ್ಲಿ ಕಂಠೀರವ ಒಳಾಂಗಣದಲ್ಲಿ ಜಪಾನಿನ ಹೆಣ್ಣುಮಕ್ಕಳು ಓಡಿ ಓಡಿ, ಹೊರಗಿನಿಂದ ಶಾಟ್ ಹೊಡೆದು ಏಷ್ಯಾ ಕಪ್ ಗೆದ್ದದ್ದನ್ನು ಕಣ್ಣಾರೆ ನೋಡಿದವನು ನಾನು. ನಾವೂ ಐದೂ ಜನ ಹೊರಗೆ ನಿಂತು ಆಡಬಾರದೇಕೆ? ಕಳೆದ ಪಂದ್ಯ 52–71ರಲ್ಲಿ ಸೋತೆವು. ಆವತ್ತು ನನ್ನ ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದುಕೊಂಡ ಲೆಕ್ಕವನ್ನು ಜೊತೆಗೆ ಇಟ್ಟಿದ್ದೇನೆ.”

ಮಾನ್ಯರೇ,

ಪತ್ರಕ್ಕಿಂತ ನಿಮ್ಮ ಮಗಳ ನೋಟ್‌ಬುಕ್ ನಮಗೆ ಹೆಚ್ಚು ಕೆಲಸಕ್ಕೆ ಬಂತು. ಟೇಬಲ್ಲಿನವರು ಬರೆಯುವ ಅಧಿಕೃತ ಸ್ಕೋರ್‌ಶೀಟಿನಲ್ಲಿ ಬಿದ್ದ ಬುಟ್ಟಿ ಇರುತ್ತದೆ, ಫೌಲ್ ಇರುತ್ತದೆ. ತಪ್ಪಿದ ಶಾಟ್ ಇರುವುದಿಲ್ಲ, ಕೈಬಿಟ್ಟ ಚೆಂಡೂ ಇರುವುದಿಲ್ಲ. ಸೋಲುವ ತಂಡಕ್ಕೆ ಬೇಕಾದ್ದು ಇವೆರಡೇ. ಅದನ್ನು ಬರೆದುಕೊಳ್ಳುವವರು ಬೆಂಗಳೂರಿನ ಎಷ್ಟು ಕ್ಲಬ್ಬುಗಳಲ್ಲಿದ್ದಾರೋ! ನಿಮ್ಮಲ್ಲಿ ಒಬ್ಬಳಿದ್ದಾಳೆ, ಅಷ್ಟರ ಮಟ್ಟಿಗೆ ನೀವು ಪುಣ್ಯವಂತರು.

ಲೆಕ್ಕ ಹೀಗಿದೆ. ಒಟ್ಟು 62 ಶಾಟ್, ಬಿದ್ದದ್ದು 19. ಫೌಲಿಗೆ ಸಿಗುವ ಫ್ರೀ ಥ್ರೋ 20, ಬಿದ್ದದ್ದು 11. ನಮ್ಮದೇ ತಪ್ಪಿದ ಶಾಟಿಗೆ ನಾವೇ ಹಿಡಿದ ರೀಬೌಂಡ್ 9. ಟರ್ನೋವರ್, ಅಂದರೆ ಶಾಟಿಗೆ ಮೊದಲೇ ಕಳೆದುಕೊಂಡ ಚೆಂಡು, 21. ತಂಡಕ್ಕೆ ಎಷ್ಟು ಸರದಿ ಸಿಕ್ಕಿತು ಎಂದು ತಿಳಿಯಲು ಶಾಟಿನ ಲೆಕ್ಕದಿಂದ ಆ ರೀಬೌಂಡ್ ಕಳೆದು, ಟರ್ನೋವರ್ ಸೇರಿಸಿ, ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ (ಪ್ರತಿ ಫ್ರೀ ಥ್ರೋಗೂ ಒಂದು ಸರದಿ ಖರ್ಚಾಗುವುದಿಲ್ಲ) ಕೂಡಬೇಕು: 62 – 9 + 21 + 8.8, ಹತ್ತಿರ ಹತ್ತಿರ 83. ಎಂಬತ್ಮೂರು ಸಲ ಚೆಂಡು ಕೈಗೆ ಬಂದು 52 ಅಂಕ ಬಂದಿದೆ. ನಾಲ್ಕು ಸರದಿಯಲ್ಲಿ ಒಂದು, ಶಾಟೇ ಇಲ್ಲದೆ ಮುಗಿದುಹೋಗಿದೆ. ‘ಪದ್ಧತಿ ಹಳೇದು’ ಎಂಬ ನಿಮ್ಮ ದೂರಿಗಾಗಲಿ, ‘ಹುಡುಗರು ಓಡ್ತಿಲ್ಲ’ ಎಂಬ ಕೋಚ್ ಸರ್ ದೂರಿಗಾಗಲಿ ಇನ್ನೂ ಇಲ್ಲಿ ಸಾಕ್ಷಿ ಇಲ್ಲ. ಸಾಕ್ಷಿ ಇರುವುದು ಮುಂದಿನ ಪುಟದಲ್ಲಿ, ಅವಳು ಶಾಟುಗಳನ್ನು ಜಾಗದ ಪ್ರಕಾರ ಬಿಡಿಸಿದ ಕಡೆ.

ರಿಂಗ್ ಕೆಳಗೆ 24 ಶಾಟ್, 12 ಬಿದ್ದಿವೆ. ಮೂರಂಕದ ಗೆರೆಯಾಚೆ 10 ಶಾಟ್, 3 ಬಿದ್ದಿವೆ. ಮಧ್ಯದಲ್ಲಿ, ಅಂದರೆ ಫ್ರೀ ಥ್ರೋ ಗೆರೆಯ ಎರಡೂ ಮೂಲೆಗಳ ಸುತ್ತಮುತ್ತ, 28 ಶಾಟ್ ಹೊಡೆದು ಬಿದ್ದದ್ದು ಬರೀ ನಾಲ್ಕು. ಇಪ್ಪತ್ತೆಂಟು ಶಾಟಿಗೆ ಎಂಟು ಅಂಕ! ಆ ನಾಲ್ಕೂ ಬೇರೆ ಬೇರೆಯವರದು. ತಪ್ಪಿದ ಇಪ್ಪತ್ನಾಲ್ಕರಲ್ಲಿ ಅರ್ಧಕ್ಕೂ ಹೆಚ್ಚು, ರಿಂಗಿನ ಬಳಿ ಆಡಬೇಕಾದ ನಿಮ್ಮ ಎತ್ತರದ ಸೆಂಟರ್‌ನದು. ಈಗ ಫ್ಲೆಕ್ಸ್ ಬಗ್ಗೆ ಮಾತಾಡಬಹುದು.

ಫ್ಲೆಕ್ಸ್ ಆಡದವರಿಗಾಗಿ ಅದರ ಒಂದು ಸುತ್ತನ್ನು ಹೇಳುತ್ತೇವೆ. ರಿಂಗಿಗೆ ಮುಖ ಮಾಡಿ ನಿಂತಿದ್ದೀರಿ ಎಂದುಕೊಳ್ಳಿ. ಮೇಲೆ, ಅಂದರೆ ರಿಂಗಿನಿಂದ ದೂರದಲ್ಲಿ, ಬಲಕ್ಕೆ 1ನೇ ನಂಬರ್, ಎಡಕ್ಕೆ 2ನೇ ನಂಬರ್; ಇವರಿಬ್ಬರು ಗಾರ್ಡ್‌ಗಳು. ಬಲ ಮೂಲೆಯಲ್ಲಿ 3, ಎಡ ಮೂಲೆಯಲ್ಲಿ 4. ರಿಂಗಿನ ಬಲಪಕ್ಕದಲ್ಲಿ ಸೆಂಟರ್, 5. ಚೆಂಡು 1ರಿಂದ 2ಕ್ಕೆ ಹೋದ ಕೂಡಲೇ 5 ಸ್ಕ್ರೀನ್ ಆಗಿ, ಅಂದರೆ 3ರ ಕಾವಲಿನವನಿಗೆ ಅಡ್ಡಗೋಡೆಯಾಗಿ, ನಿಲ್ಲುತ್ತಾನೆ, 3 ಅವನ ಸೊಂಟಕ್ಕೆ ತಾಗುವ ಹಾಗೆ ಬೇಸ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಯಿಂದ ರಿಂಗ್ ಕೆಳಗೆ ನುಗ್ಗುತ್ತಾನೆ. ಅವನಿಗೆ ಪಾಸ್ ಸಿಕ್ಕರೆ ಲೇಅಪ್, ರಿಂಗಿನ ಪಕ್ಕದಿಂದಲೇ ಹಾಕುವ ಸುಲಭದ ಬುಟ್ಟಿ. ಸಿಗದಿದ್ದರೆ 1 ಕೆಳಗಿಳಿದು 5ಕ್ಕೆ ಸ್ಕ್ರೀನ್ ಹಾಕುತ್ತಾನೆ, 5 ಮೇಲಕ್ಕೆ ಬಂದು ಚೆಂಡು ತಗೊಳ್ಳುತ್ತಾನೆ, ಸ್ಕ್ರೀನ್ ಹಾಕಿದ 1 ಮೂಲೆಗೆ ಹೋಗುತ್ತಾನೆ. ಅದೇ ಆಟ ಈಗ ಎಡಗಡೆಯಿಂದ. ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರಬಹುದು. ಐದೂ ಜನ ಹೆಚ್ಚುಕಡಿಮೆ ಒಂದೇ ಎತ್ತರ, ಐವರಿಗೂ ಐದು ಮೀಟರಿನ ಶಾಟ್ ಬರುತ್ತದೆ ಎನ್ನುವಂಥ ತಂಡಕ್ಕೆ ಇದು ಚೆನ್ನಾದ ಪದ್ಧತಿ. ಎದುರಾಳಿ ಬೇಸತ್ತು ಒಂದು ಹೆಜ್ಜೆ ತಪ್ಪಿದರೆ ಲೇಅಪ್ ಖಚಿತ.

ನಿಮ್ಮ ತಂಡದ ತೊಂದರೆ ಈ ಸುತ್ತಿನ ಒಳಗೇ ಇದೆ. ಯಾರು ಎಲ್ಲಿ ಬೇಕಾದರೂ ಬಂದು ನಿಲ್ಲಬೇಕಾಗುವುದು ಫ್ಲೆಕ್ಸ್‌ನ ಗುಣ. ನಿಮ್ಮಲ್ಲಿ ಆರಡಿ ಐದಂಗುಲದ ಒಬ್ಬನೇ ಹುಡುಗ ಇದ್ದಾನೆ. ಅವನು ಎರಡು ಪಾಸ್ ಆಗುವಷ್ಟರಲ್ಲಿ ರಿಂಗಿನಿಂದ ಐದಾರು ಮೀಟರ್ ದೂರಕ್ಕೆ ಬಂದು ನಿಂತಿರುತ್ತಾನೆ. ಅವನಿಗೆ ಅಲ್ಲಿಂದ ಶಾಟ್ ಬರುವುದಿಲ್ಲವೆಂದು ಎದುರಾಳಿಗೆ ಗೊತ್ತು. ಅವನನ್ನು ಕಾಯುವವನು ಎರಡು ಹೆಜ್ಜೆ ಹಿಂದೆ ಸರಿದು ಪೇಂಟಿನಲ್ಲೇ (ರಿಂಗಿನ ಮುಂದಿನ ಚೌಕದಲ್ಲಿ) ಕಾಲೂರುತ್ತಾನೆ. ಆಗ ಬೇಸ್‌ಲೈನಿನಿಂದ ನುಗ್ಗುವವನಿಗೆ ದಾರಿಯೂ ಇಲ್ಲ, ಶಾಟ್ ತಪ್ಪಿದರೆ ರೀಬೌಂಡಿಗೆ ನಿಮ್ಮ ಎತ್ತರದವನೂ ಇಲ್ಲ. ಆ ಒಂಬತ್ತು ರೀಬೌಂಡ್‌ಗಳಲ್ಲಿ ಅವನದು ಎಷ್ಟಿತ್ತು ಎಂದು ಮಗಳನ್ನು ಕೇಳಿ ನೋಡಿ.

ಎರಡನೆಯದು ಟರ್ನೋವರ್. ಇಪ್ಪತ್ತೊಂದರಲ್ಲಿ ಎಂಟು, ಮೇಲಿನ ಇಬ್ಬರು ಗಾರ್ಡ್‌ಗಳ ನಡುವಿನ ಪಾಸಿನಲ್ಲೇ ಹೋಗಿವೆ, ಅದರಲ್ಲಿ ಆರು ನೇರ ಲೇಅಪ್ ಆಗಿವೆ. ಹನ್ನೆರಡು ಅಂಕ. ಹತ್ತೊಂಬತ್ತು ಅಂಕದಲ್ಲಿ ಸೋತವರಿಗೆ ಹನ್ನೆರಡು ಕಮ್ಮಿಯಲ್ಲ. ಫ್ಲೆಕ್ಸ್ ಶುರುವಾಗುವುದೇ ಆ ಪಾಸಿನಿಂದ ಎಂದು ಎದುರಾಳಿಗೆ ತಿಳಿದುಬಿಟ್ಟರೆ ಅವನು ಮಧ್ಯೆ ಕೈ ಚಾಚಿ ನಿಂತಿರುತ್ತಾನೆ, ಅಷ್ಟೆ. ಇನ್ನು ನಾಲ್ಕು ಸಲ, ಶಾಟ್ ಹೊಡೆಯಲು ಸಿಗುವ 24 ಸೆಕೆಂಡ್ ಮುಗಿದಿದೆ. ಇದರ ಲೆಕ್ಕವೂ ಸರಳ. ಅರ್ಧ ಅಂಕಣ ದಾಟಲು 8 ಸೆಕೆಂಡ್ ಅವಕಾಶ, ನಿಮ್ಮವರು 6ರಲ್ಲಿ ದಾಟಿದರೂ ಜಾಗ ಹಿಡಿದು ನಿಲ್ಲಲು ಇನ್ನು ಮೂರು ಹೋಗುತ್ತದೆ. ಉಳಿದದ್ದು 15. ಒಂದು ಸುತ್ತಿಗೆ ಐದಾರು ಸೆಕೆಂಡ್ ಬೇಕು. ಎರಡು ಸುತ್ತು ಮುಗಿಯುವಷ್ಟರಲ್ಲಿ ಬೆಂಚಿನಿಂದ ‘ಹೊಡಿ, ಹೊಡಿ’ ಎಂಬ ಕೂಗು. ಆ ಇಪ್ಪತ್ತೆಂಟು ಶಾಟ್ ಹುಟ್ಟಿದ್ದು ಎಲ್ಲಿಂದ ಎಂದು ಈಗ ಹೊಳೆದಿರಬೇಕು.

ಹಾಗಾದರೆ ಫ್ಲೆಕ್ಸ್ ಬಿಸಾಕಿ ಜಪಾನ್ ಥರ ಆಡುವುದೇ? ಬೇಡ. ಜಪಾನ್ ಮಹಿಳೆಯರು ಎತ್ತರದಲ್ಲಿ ಹಿಂದಿದ್ದವರು, ನಿಜ. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟಾಮ್ ಹೋವಾಸೆ ಕೋಚಿಂಗ್‌ನಲ್ಲಿ ಬೆಳ್ಳಿ ಗೆದ್ದರು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 162 ಸೆಂ.ಮೀ. ಎತ್ತರದ ರುಯಿ ಮಾಚಿದಾ 18 ಅಸಿಸ್ಟ್ (ನೇರ ಬುಟ್ಟಿಯಾದ ಪಾಸ್) ಕೊಟ್ಟದ್ದು ಒಲಿಂಪಿಕ್ ದಾಖಲೆ. ಆದರೆ ಅಲ್ಲಿ ಮೂಲೆಯಲ್ಲಿ ನಿಂತವರೆಲ್ಲ ಶೂಟರುಗಳು. ಐದು ಜನ ಹೊರಗೆ ನಿಲ್ಲುವುದರ ಉದ್ದೇಶ ಎದುರಾಳಿಯ ಐದು ಜನರನ್ನೂ ಹೊರಗೆ ಎಳೆಯುವುದು. ಮೂರಂಕದ ಗೆರೆಯ 6.75 ಮೀಟರಿನಿಂದ ಬುಟ್ಟಿ ಬೀಳಿಸುವವರು ನಿಮ್ಮಲ್ಲಿ ಇಬ್ಬರೇ ಇದ್ದರೆ ಉಳಿದ ಮೂವರನ್ನು ಕಾಯಲು ಯಾರೂ ಹೊರಗೆ ಬರುವುದಿಲ್ಲ. ಸಾಲದ್ದಕ್ಕೆ ರಿಂಗ್ ಕೆಳಗೆ ಅರ್ಧಕ್ಕರ್ಧ ಬೀಳಿಸುತ್ತಿರುವ ತಂಡ ಅಲ್ಲಿಂದ ಎದ್ದು ಹೊರಗೆ ಹೋಗುವುದೇಕೆ?

ಪದ್ಧತಿಯ ಹೆಸರಿಗೆ ಜೋತುಬೀಳುವುದೂ ಅಷ್ಟೇ ತಪ್ಪು. ಫಿಲ್ ಜಾಕ್ಸನ್ ಕೋಚ್ ಆಗಿ ಮೂವರು ತ್ರಿಕೋನವಾಗಿ ನಿಂತು ಆಡುವ ಟ್ರಯಾಂಗಲ್ ಪದ್ಧತಿಯಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಹನ್ನೊಂದು ಪಟ್ಟ ಗೆದ್ದರು. ಅವರೇ ಮುಖ್ಯಸ್ಥರಾಗಿದ್ದ ನ್ಯೂಯಾರ್ಕ್ ನಿಕ್ಸ್ 2014–15ರಲ್ಲಿ ಅದೇ ಪದ್ಧತಿ ಆಡಿ 17 ಗೆದ್ದು 65 ಸೋತಿತು. ಆಟಗಾರರು ಬೇರೆ, ಕಥೆ ಬೇರೆ. ನಮಗೆ ಹೆಚ್ಚು ಹತ್ತಿರವೆನಿಸುವುದು 2015ರ ಎನ್‌ಬಿಎ ಫೈನಲ್. ಗೋಲ್ಡನ್ ಸ್ಟೇಟ್ 1–2ರಿಂದ ಹಿಂದಿದ್ದಾಗ ಸ್ಟೀವ್ ಕೆರ್ ಆಟದ ಚೌಕಟ್ಟಿಗೆ ಕೈ ಹಾಕಲಿಲ್ಲ. ಎತ್ತರದ ಬೋಗಟ್‌ರನ್ನು ಕೂರಿಸಿ ಇಗ್ವಡಾಲರನ್ನು ಮೊದಲ ಐವರಲ್ಲಿ ಇಳಿಸಿದರು. ಮುಂದಿನ ಮೂರೂ ಗೆದ್ದು ಕಪ್ ಎತ್ತಿದರು.

ನಿಮ್ಮ ಕೋಚ್ ಸರ್ ಮಾಡಬೇಕಾದ್ದೂ ಇದೇ ಅಳತೆಯದು. ಎರಡು ತಿದ್ದುಪಡಿ ಸಾಕು.

ಮೊದಲು ಆ ಕಳ್ಳತನವಾಗುವ ಪಾಸ್. 2ರ ಕಾವಲಿನವನು ಪಾಸಿನ ದಾರಿಯಲ್ಲಿ ಕೈ ಚಾಚಿದ್ದರೆ 1 ಪಾಸ್ ಮಾಡಲೇಬಾರದು. ಡ್ರಿಬಲ್ ಮಾಡುತ್ತ 2ರ ಕಡೆಗೇ ಹೋಗಬೇಕು. 2 ಆಗ ಜಾಗ ಖಾಲಿ ಮಾಡಿ, 1 ಬಿಟ್ಟು ಬಂದ ಬಲಗಡೆಗೆ ಸರಿಯುತ್ತಾನೆ. ಪಾಸೇ ಇಲ್ಲದೆ ಚೆಂಡು ಎಡಕ್ಕೆ ಬಂತಲ್ಲ, 3 ಎಂದಿನಂತೆ ಬೇಸ್‌ಲೈನಿನಿಂದ ನುಗ್ಗುತ್ತಾನೆ. ಕಾವಲಿನವನು ತೀರಾ ದುರಾಸೆಯಿಂದ ಎರಡೂ ಕಾಲು ಪಾಸಿನ ದಾರಿಯಲ್ಲಿಟ್ಟಿದ್ದರೆ 2 ಅವನ ಬೆನ್ನ ಹಿಂದಿನಿಂದ ನೇರ ರಿಂಗಿಗೆ ಓಡಲಿ, ಪುಟಿಸಿ ಕೊಟ್ಟ ಪಾಸ್ ಸಾಕು. ಇಲ್ಲಿ ಆಗುವ ತಪ್ಪು ಒಂದೇ: 2 ಅರ್ಧ ಓಡಿ, ಪಾಸ್ ಬರುತ್ತೋ ಇಲ್ಲವೋ ಎಂದು ನಿಂತುಬಿಡುತ್ತಾನೆ. ಹೊರಟವನು ರಿಂಗ್ ಮುಟ್ಟಲೇಬೇಕು.

ಎರಡನೆಯದು, ಸುತ್ತು ಒಂದೇ. 3 ನುಗ್ಗಿದ, ಪಾಸ್ ಸಿಗಲಿಲ್ಲ ಎಂದಾಗ 5 ಶಾಟ್ ಹೊಡೆಯಲು ಮೇಲೆ ಬರುವುದು ಬೇಡ. ಅವನು ಎಡಗಡೆ ಚೆಂಡು ಹಿಡಿದಿರುವವನ ಕಾವಲಿಗೆ, ಒಳಬದಿಯಿಂದ, ಸ್ಕ್ರೀನ್ ಹಾಕಲು ಬರಲಿ. ಅದೇ ಹೊತ್ತಿಗೆ ಮೇಲಿನ ಇನ್ನೊಬ್ಬ ಗಾರ್ಡ್ ಖಾಲಿಯಾದ ಬಲ ಮೂಲೆಗೆ ಇಳಿಯಬೇಕು. ಎಡ ಮೂಲೆಯ 4 ಮೇಲೆ ಏರಬೇಕು, ನುಗ್ಗಿ ಹೋದ 3 ಆ ಮೂಲೆಗೆ ಬರಬೇಕು. ಈಗ ಪೇಂಟ್ ಖಾಲಿ. ಚೆಂಡು ಹಿಡಿದವನು ಸ್ಕ್ರೀನ್ ದಾಟಿ ಮಧ್ಯಕ್ಕೆ ಡ್ರಿಬಲ್ ಮಾಡುತ್ತಾನೆ, 5 ತಿರುಗಿ ರಿಂಗಿನತ್ತ ಓಡುತ್ತಾನೆ (ಇದೇ ರೋಲ್). ಎತ್ತರದವನಿಗೆ ಮೇಲಿನಿಂದ ಪಾಸ್, ಇಲ್ಲವೇ ಮೂಲೆಯ ಶೂಟರಿಗೆ. ಶಾಟ್ ತಪ್ಪಿದರೂ ನಿಮ್ಮ ಆರಡಿ ಐದಂಗುಲ ರಿಂಗಿನ ಕೆಳಗೇ ಇದ್ದಾನೆ. ಅವನು ಸ್ಕ್ರೀನಿಗೆ ಬರುವಾಗ ಕ್ಲಾಕಿನಲ್ಲಿ 10 ಇರಬೇಕು, 6 ಅಲ್ಲ. ಮತ್ತೊಂದು ಎಚ್ಚರಿಕೆ: ಸ್ಕ್ರೀನ್ ಹಾಕಿದವನು ಕಾಲು ಅಲ್ಲಾಡಿಸಿದರೆ ಫೌಲ್. ಫ್ಲೆಕ್ಸ್‌ನಲ್ಲಿ ನಡೆಯುತ್ತ ನಡೆಯುತ್ತ ಸ್ಕ್ರೀನ್ ಹಾಕಿ ರೂಢಿಯಾದವರಿಗೆ ಮೊದಲ ವಾರ ಇದೇ ಪೀಕಲಾಟ.

ಬೇಸ್‌ಲೈನ್ ಸ್ಕ್ರೀನಿನಲ್ಲಿ ಎದುರಾಳಿಗಳು ಆಳು ಬದಲಿಸಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಉಡುಗೊರೆ. ಆಗ 5ರ ಮೇಲೆ ಚಿಕ್ಕವನು ಉಳಿದಿರುತ್ತಾನೆ. 5 ಅವನನ್ನು ಬೆನ್ನಿಗೆ ಹಾಕಿಕೊಂಡು, ಪೇಂಟಿನ ಗೆರೆಯ ಹೊರಗೆ ಕಾಲಿಟ್ಟು ನಿಲ್ಲಲಿ. ಒಳಗೆ ನಿಂತರೆ ಮೂರು ಸೆಕೆಂಡಿಗೆ ಸೀಟಿ. ಚೆಂಡು ಮತ್ತೆ ಬಲಗಡೆಯ ಗಾರ್ಡ್‌ಗೆ ಬರಲಿ, ಅಲ್ಲಿಂದ ಒಳಗೆ. ಎಡದಿಂದ ನೇರ ಎಸೆದರೆ ಕೋನ ಸಿಗುವುದಿಲ್ಲ.

ಕಲಿಸುವ ಬಗ್ಗೆ. ವಾರಕ್ಕೆ ಮೂರು ಸಂಜೆ, ಅದರಲ್ಲೂ ಸಿಲ್ಕ್ ಬೋರ್ಡ್ ಕಡೆಯಿಂದ ಬರಬೇಕಾದ ಇಬ್ಬರು ಯಾವಾಗಲೂ ಏಳೂವರೆಗೆ ಎಂದು ಬರೆದಿದ್ದೀರಿ. ಹಾಗಾದರೆ ಐವರ ಆಟವನ್ನು ಮೊದಲಿಗೆ ಇಡಬೇಡಿ. ಬಂದವರನ್ನು ಇಟ್ಟುಕೊಂಡು ಹದಿನೈದು ನಿಮಿಷ ಮೇಲಿನ ಇಬ್ಬರು ಗಾರ್ಡ್, ಎದುರಿಗೆ ಇಬ್ಬರು ಕಾವಲು: ಪಾಸೋ, ಡ್ರಿಬಲ್ಲೋ, ಹಿಂದಿನಿಂದ ಓಟವೋ, ಮೂರರಲ್ಲೊಂದು. ಆಮೇಲೆ ಹದಿನೈದು ನಿಮಿಷ ಸ್ಕ್ರೀನ್ ಮತ್ತು ರೋಲ್, ಮೂಲೆಯಲ್ಲಿ ಒಬ್ಬ ಶೂಟರ್ ಇಟ್ಟು ಮೂರಕ್ಕೆ ಮೂರು. ಎಲ್ಲರೂ ಬಂದ ಮೇಲೆ ಐದಕ್ಕೆ ಐದು, ಆದರೆ ಕ್ಲಾಕ್ 14ರಿಂದ. ಸುತ್ತು ಎರಡನೇ ಸಲ ಶುರುವಾದರೆ ಸೀಟಿ ಊದಿ ಚೆಂಡು ಎದುರಿನವರಿಗೆ ಕೊಡಿ. ಮಳೆ ಬಂದು ಸಿಮೆಂಟ್ ಅಂಕಣ ಒದ್ದೆಯಾದ ದಿನ ಓಟ ನಿಲ್ಲಿಸಿ, ಸೂರಿನ ಕೆಳಗೆ ಜಾಗಗಳನ್ನು ನಡೆದೇ ತೋರಿಸಿ. ಜಾರಿ ಬಿದ್ದ ಮೊಣಕಾಲಿಗೆ ಯಾವ ಪದ್ಧತಿಯೂ ಇಲ್ಲ. ಎರಡು ವಾರ ಬೇಕು. ಮುಂದಿನ ಪಂದ್ಯದಲ್ಲಿ ಟರ್ನೋವರ್ ಇನ್ನೂ ಒಂದೆರಡು ಹೆಚ್ಚಾದರೆ ಹೌಹಾರಬೇಡಿ.

ಇಪ್ಪತ್ತಕ್ಕೆ ಹನ್ನೊಂದು ಫ್ರೀ ಥ್ರೋ ಮಾತ್ರ ಯಾರ ಪದ್ಧತಿಯ ತಪ್ಪೂ ಅಲ್ಲ. ಸುಸ್ತಾದ ಮೇಲೆ, ಅಭ್ಯಾಸದ ಕೊನೆಗೆ, ಒಬ್ಬೊಬ್ಬರೂ ಎರಡೆರಡರಂತೆ ಹತ್ತು ಹೊಡೆಯಲಿ.

ಇದನ್ನೆಲ್ಲ ಕೋಚ್ ಸರ್‌ಗೆ ಯಾರು ಹೇಳುವುದು ಎಂದು ಕೊನೆಗೆ ಕೇಳಿದ್ದೀರಿ. ಪಂದ್ಯ ಮುಗಿದ ಸಂಜೆ, ಪೋಷಕರ ಗುಂಪಿನಲ್ಲಿ, ನೀವಂತೂ ಬೇಡ. ಒಂದು ಪಂದ್ಯದ ಲೆಕ್ಕ ಹಿಡಿದುಕೊಂಡೂ ಬೇಡ, ಒಂದು ಕೆಟ್ಟ ದಿನ ಯಾರಿಗಾದರೂ ಬರುತ್ತದೆ. ಇನ್ನೆರಡು ಪಂದ್ಯ ಬರೆಸಿ. ಮಗಳ ನೋಟ್‌ಬುಕ್ಕಿಗೆ ಎರಡು ಕಾಲಂ ಹೆಚ್ಚಿಗೆ ಸೇರಿಸಲು ಹೇಳಿ: ಶಾಟ್ ಹೊಡೆದಾಗ ಕ್ಲಾಕಿನಲ್ಲಿ ಎಷ್ಟಿತ್ತು, ಆಗ 5 ಎಲ್ಲಿ ನಿಂತಿದ್ದ. ಮೂರು ಪಂದ್ಯ ಆದ ಮೇಲೆ ಪುಸ್ತಕವನ್ನು ಅವಳೇ ಕೋಚ್ ಸರ್ ಕೈಗೆ ಕೊಡಲಿ, ನೀವು ಪಕ್ಕದಲ್ಲಿ ಇರಬೇಡಿ.

– ಸಂಪಾದಕ