ಅಕ್ಕನ ಅಂಚೆ: ಹೊಸ ವರ್ಷಕ್ಕೆ ಬಂದ ಕಾಗದಗಳು

ಪ್ರಶ್ನೆ: ಅಕ್ಕಾ, ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಈ ಚಳಿಗಾಲದಲ್ಲಿ ಸಾಲಾಗಿ ಎರಡು ರೇಷ್ಮೆ ಬೆಳೆ ಕೈಕೊಟ್ಟವು. ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಹುಳುಗಳು ಬೆಳ್ಳಗೆ, ಗಟ್ಟಿಯಾಗಿ ಸತ್ತವು. ಹೊಸ ವರ್ಷದಲ್ಲಿ ತೋಟ ಕಿತ್ತು ಟೊಮೆಟೊ ಹಾಕೋಣ ಅಂತಾರೆ ನಮ್ಮ ಯಜಮಾನರು. ನನಗೆ ಮನಸ್ಸಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಕಾಗದ ಓದಿ ಸಂಕಟವಾಯಿತು. ಮದುವೆಯಾಗಿ ಬಂದಾಗಿನಿಂದ ನಾನೂ ಹುಳು ಮೇಯಿಸಿದವಳೇ. ಒಂದು ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಖರ್ಚಾಗೋದು ಹುಳು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ಮುಗಿಸಿ ಎದ್ದ ಮೇಲೆ. ಅಷ್ಟೂ ಸೊಪ್ಪು ಕೊಯ್ದು ಹಾಕಿ, ರಾತ್ರಿ ನಿದ್ದೆಗೆಟ್ಟು, ಕೊನೆಗೆ ಗೂಡು ಕಟ್ಟಿಸೋ ಚಂದ್ರಿಕೆಗೆ ಬಿಡೋಕೆ ಹುಳುವೇ ಇಲ್ಲ ಅಂದರೆ ಆಗುವ ನೋವು ನನಗೆ ಗೊತ್ತು.

ಆದರೆ ತೋಟ ಕೀಳುವ ಮಾತು ಈ ತಿಂಗಳು ಬೇಡ. ನೀವು ಬರೆದಿರೋ ಲಕ್ಷಣ ಸುಣ್ಣಕಟ್ಟು ರೋಗದ್ದು. ಚಳಿ, ತೇವ ಎರಡೂ ಸೇರಿದಾಗ ಬರುವ ಬೂಷ್ಟು ಅದು. ಸತ್ತ ಹುಳು ಬೆಳ್ಳಗಾಗುವ ಮೊದಲೇ ಆಯ್ದು ಸುಡಬೇಕು. ಬೆಳ್ಳಗಾದ ಮೇಲೆ ಮುಟ್ಟಿದರೂ ಸಾಕು, ಪುಡಿ ಹಾರಿ ಮನೆಯೆಲ್ಲ ಹರಡುತ್ತದೆ. ಮುಂದಿನ ಚಾಕಿ (ಮರಿಹುಳು) ತರುವ ಮೊದಲು ತಟ್ಟೆ, ಚಂದ್ರಿಕೆ, ನೆಲ, ಗೋಡೆ ಎಲ್ಲವನ್ನೂ ತೊಳೆದು ಔಷಧಿ ಹೊಡೆಸಿ. ಒದ್ದೆ ಸೊಪ್ಪು ಹಾಕಬೇಡಿ. ಹುಳು ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಉದುರಿಸಿ, ಹಾಸು ಒಣಗಲಿ. ರಾತ್ರಿ ಹುಳು ಮನೆಯ ಶಾಖ 24 ಡಿಗ್ರಿಗಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ರೇಷ್ಮೆ ಇಲಾಖೆಯವರನ್ನು ಕರೆಸಿ ಒಮ್ಮೆ ತೋರಿಸಿ.

ಇನ್ನು ಲೆಕ್ಕ. ನಮ್ಮತ್ತೆಗೆ ಓದು ಬರಹ ಇರಲಿಲ್ಲ. ಹುಳು ಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದರು. ನೂರು ಮೊಟ್ಟೆಗೆ ಒಂದು ಉದ್ದ ಗೀಟು, ಕೆಟ್ಟ ಬೆಳೆಗೆ ಅದರ ಮೇಲೆ ಅಡ್ಡ ಗೀಟು. ಯಾವ ತಿಂಗಳು ಏನಾಯ್ತು ಅಂತ ಗೋಡೆ ನೋಡಿ ಹೇಳೋರು. ನೀವು ಒಂದು ನೋಟ್‌ಬುಕ್ ಇಡಿ. ಹೋದ ವರ್ಷದ ಬೆಳೆಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಬರೆಯಿರಿ: ಎಷ್ಟು ಮೊಟ್ಟೆ, ಗೊಬ್ಬರ, ಕೂಲಿ, ಎಷ್ಟು ಕೆಜಿ ಗೂಡು, ಮಾರ್ಕೆಟ್‌ನಲ್ಲಿ ಏನು ರೇಟು. ಕೊನೆಯ ಎರಡು ಬೆಳೆ ಕಣ್ಣ ಮುಂದಿರುವಾಗ ಅದಕ್ಕಿಂತ ಮುಂಚಿನ ಒಳ್ಳೆ ಬೆಳೆಗಳು ಮರೆತೇ ಹೋಗುತ್ತವೆ. ಕೂಲಿ ಬರೆಯುವಾಗ ನಿಮ್ಮ ಕೂಲಿಯನ್ನೂ ಸೇರಿಸಿ. ಸೊಪ್ಪು ಹಾಕಿದ್ದು, ಹಿಕ್ಕೆ ತೆಗೆದದ್ದು, ರಾತ್ರಿ ಎದ್ದಿದ್ದು ಎಲ್ಲ. ನಮ್ಮ ಕಡೆ ಹೆಂಗಸರ ದುಡಿಮೆ ಯಾವ ಲೆಕ್ಕಕ್ಕೂ ಬರಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಟೊಮೆಟೊಗೂ ಇದೇ ಲೆಕ್ಕ ಹಾಕಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ದಿನಗಳೂ ಇವೆ, ಅಲ್ವಾ? ಟೊಮೆಟೊ ಮೂರ್ನಾಲ್ಕು ತಿಂಗಳ ಆಟ. ಹಿಪ್ಪುನೇರಳೆ ಹಾಗಲ್ಲ. ಒಮ್ಮೆ ಕಿತ್ತರೆ ಮತ್ತೆ ನೆಟ್ಟು ತೋಟ ಪೂರ್ತಿ ಕೈಗೆ ಬರಲು ವರ್ಷ ಹಿಡಿಯುತ್ತದೆ. ಯಜಮಾನರಿಗೆ ಆಸೆ ಇದ್ದರೆ ಅರ್ಧ ಎಕರೆಯಲ್ಲಿ ನೋಡಲಿ. ಉಳಿದ ಎಕರೆ ನಿಮ್ಮದು. ನೋಟ್‌ಬುಕ್ ಮುಂದಿಟ್ಟುಕೊಂಡು ಇಬ್ಬರೂ ಕೂತು ಮಾತಾಡಿ.

ಪ್ರಶ್ನೆ: ಜನವರಿ ಒಂದು ನಮ್ಮ ಹೊಸ ವರ್ಷವೋ, ಯುಗಾದಿಯೋ? ಮನೆಯಲ್ಲಿ ಜಗಳ ಆಗ್ತಿದೆ.
– ಕಾಲೇಜು ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ಎರಡೂ ಮಾಡಿ ಪುಟ್ಟಿ. ಪಂಚಾಂಗಕ್ಕೆ ಯುಗಾದಿ, ಕ್ಯಾಲೆಂಡರಿಗೆ ಜನವರಿ, ಬ್ಯಾಂಕಿನವರಿಗೆ ಏಪ್ರಿಲ್ 1. ನಮ್ಮ ಕಡೆ ಜನವರಿ ಅಂದರೆ ಅವರೆಕಾಯಿ ಕಾಲ. ಜಗಳ ಆಡುವವರನ್ನೆಲ್ಲ ಒಟ್ಟಿಗೆ ಕೂರಿಸಿ ನೆನೆಸಿದ ಕಾಳು ಹಿತುಕಿಸಿ. ಹಿತಕಿದ ಬೇಳೆ ಸಾರು, ರಾಗಿಮುದ್ದೆ ಮುಂದೆ ಇಟ್ಟ ಮೇಲೆ ಯಾರೂ ಜಗಳ ಆಡಲ್ಲ.

ಪ್ರಶ್ನೆ: ಅಕ್ಕಾ, ದಿನಾ ಬೆಳಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ಅಕೌಂಟ್ಸ್ ಕೆಲಸ. ವಾಪಸು ಬರುವಾಗ ಮಗಳು ಮಲಗಿರುತ್ತಾಳೆ. ಈ ವರ್ಷ ರಾಜೀನಾಮೆ ಕೊಟ್ಟುಬಿಡಲೇ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ತಮ್ಮಾ, ಬೇಜಾರಿನಲ್ಲಿ ರಾಜೀನಾಮೆ ಬರೆಯಬೇಡಿ. ನರಸಾಪುರ, ವೇಮಗಲ್, ಮಾಲೂರು ಕಡೆ ಇಷ್ಟೊಂದು ಫ್ಯಾಕ್ಟರಿಗಳಿವೆ. ಲೆಕ್ಕ ಬರೆಯುವವರು ಅಲ್ಲೂ ಬೇಕು. ಹೋದ ಜನವರಿಯಲ್ಲಿ ನಿಮಗೆ ಬರದೆ ಈಗ ಬರುವ ಕೆಲಸ ಯಾವುದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅರ್ಜಿಗೆ ಅದೇ ಬೇಕಾಗೋದು. ಸಂಬಳ ಸ್ವಲ್ಪ ಕಡಿಮೆ ಆದರೂ ರೈಲಿನ ಹೊತ್ತು ಉಳಿಯುತ್ತದೆ. ಅಲ್ಲಿಯವರೆಗೆ ಈಗಿನ ಆಫೀಸಿನಲ್ಲಿ ಒಂದು ಮಾತು ಕೇಳಿ. ತಿಂಗಳ 11, 20ರ ಜಿಎಸ್‌ಟಿ ಗಡುವು ಮುಗಿದ ಮೇಲೆ ವಾರಕ್ಕೊಂದು ದಿನ ಮನೆಯಿಂದಲೇ ಕೆಲಸ ಮಾಡಬಹುದಾ ಅಂತ. ಮಾರ್ಚ್ ಗದ್ದಲ ಶುರುವಾಗುವ ಮೊದಲೇ ಕೇಳಿ, ಆಮೇಲೆ ಯಾರಿಗೂ ಪುರುಸೊತ್ತಿರಲ್ಲ. ಮಗಳಿಗೆ ಎಷ್ಟು ವಯಸ್ಸು ಅಂತ ನೀವು ಬರೆದೇ ಇಲ್ಲ. ಮುಂದಿನ ಕಾಗದದಲ್ಲಿ ತಿಳಿಸಿ.