ಪುಟ 212ರಲ್ಲಿ ಏನಿದೆ?

ಪ್ರೀತಿಯ ಗೆಳತಿ,

ನಿನ್ನ ಪತ್ರ ಆರು ಪುಟ. ನಮಗೆ ಬರುವ ಪತ್ರಗಳು ಸಾಮಾನ್ಯವಾಗಿ ಹತ್ತು ಸಾಲು ದಾಟುವುದಿಲ್ಲ. ದಾಟಿದರೆ ಅದು ಬೈಗುಳದ ಪತ್ರವೇ ಆಗಿರುತ್ತದೆ. ಹಾಗಾಗಿ ಕವರಿನ ದಪ್ಪ ನೋಡಿ ಸ್ವಲ್ಪ ಹೆದರಿಕೊಂಡೇ ಒಡೆದೆ. ಒಳಗೆ ನೋಡಿದರೆ ಹಬ್ಬ! ಹಸಿರು ಶಾಯಿ, ಅಂಚಿನ ತುಂಬಾ ಬಾಣದ ಗುರುತು, ಒಂದೊಂದು ವಾಕ್ಯಕ್ಕೆ ಮೂರು ಮೂರು ಆಶ್ಚರ್ಯಸೂಚಕ. “ನನ್ನನ್ನು ನೀವು ಅನ್ನಬೇಡಿ ಮೇಡಂ, ನನಗಿನ್ನೂ 16” ಅಂತ ಬೇರೆ ಬರೆದಿದ್ದೀಯ. ಸರಿ, ಅನ್ನಲ್ಲ.

ಪತ್ರ ನೋಡದ ಉಳಿದ ಓದುಗರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಈಕೆ ಕಳೆದ ಒಂದು ವರ್ಷದಲ್ಲಿ 41 ಯಂಗ್ ಅಡಲ್ಟ್ ಕಾದಂಬರಿ, ಅಂದರೆ ಈಕೆಯ ವಯಸ್ಸಿನವರಿಗೆಂದೇ ಬರೆದ ಕಾದಂಬರಿ, ಓದಿದ್ದಾಳೆ. ಪಟ್ಟಿಯನ್ನೂ ಲಗತ್ತಿಸಿದ್ದಾಳೆ, ನಕ್ಷತ್ರ ಕೊಟ್ಟು. ಈಕೆಯ ಚಿಕ್ಕಪ್ಪ ಆ ಪುಸ್ತಕಗಳ ರಾಶಿ ನೋಡಿ, “ಇದೆಲ್ಲ ಎರಡು ವರ್ಷದ ಹುಚ್ಚು. ನಿಜವಾದ ಸಾಹಿತ್ಯ ಓದೋದು ಯಾವಾಗ?” ಅಂದರಂತೆ. ಈಕೆಗೆ ಆ ರಾತ್ರಿ ನಿದ್ದೆ ಬಂದಿಲ್ಲ. ಪ್ರಶ್ನೆ ಇಷ್ಟೇ: ಚಿಕ್ಕಪ್ಪ ಹೇಳಿದ್ದು ನಿಜವಾ?

ಮೊದಲು ಚಿಕ್ಕಪ್ಪನ ಪರವಾಗಿ ಒಂದು ಮಾತು. ಆ ಪ್ರಶ್ನೆ ಹೊಸದೇನೂ ಅಲ್ಲ, ಅವರೊಬ್ಬರದೂ ಅಲ್ಲ. ಇಂಗ್ಲೆಂಡಿನಲ್ಲಿ ಸಾರಾ ಟ್ರಿಮ್ಮರ್ ಎಂಬ ಹೆಂಗಸು ಮಕ್ಕಳ ಪುಸ್ತಕಗಳನ್ನು ವಿಮರ್ಶೆ ಮಾಡಲೆಂದೇ ಒಂದು ಪತ್ರಿಕೆ ನಡೆಸುತ್ತಿದ್ದಳು. 1802ರಲ್ಲಿ ಆಕೆ ಪುಸ್ತಕಗಳನ್ನು ಎರಡು ಗುಂಪು ಮಾಡಿದಳು. 14ರವರೆಗೆ ಮಕ್ಕಳದ್ದು, 14ರಿಂದ 21ರವರೆಗೆ ‘ಎಳೆಯ ವ್ಯಕ್ತಿ’ಗಳದ್ದು. ಅಂದರೆ ನಿನ್ನ ವಯಸ್ಸಿನವರ ಕೈಗೆ ಯಾವ ಪುಸ್ತಕ ಕೊಡಬೇಕು, ಯಾವುದನ್ನು ಕಿತ್ತುಕೊಳ್ಳಬೇಕು ಅಂತ ದೊಡ್ಡವರು ತಲೆಬಿಸಿ ಮಾಡಿಕೊಳ್ಳಲು ಶುರುಮಾಡಿ ಇನ್ನೂರು ವರ್ಷದ ಮೇಲಾಯಿತು. ಟ್ರಿಮ್ಮರ್‌ಗೆ ಕಾಲ್ಪನಿಕ ಕಥೆಗಳ ಮೇಲೆ ಭಾರೀ ಅನುಮಾನ. ನಿನ್ನ ಚಿಕ್ಕಪ್ಪ ಅವಳಿಗಿಂತ ಎಷ್ಟೋ ಮೃದು.

ಈ ಹೆಸರಿನ ವಿಷಯ ಬಂತಲ್ಲ, ಅದರದ್ದೂ ಒಂದು ತಮಾಷೆ. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಅಂತ ನಮ್ಮ ಕಚೇರಿಯಲ್ಲಿ ಅರ್ಧ ಗಂಟೆ ಜಗಳವಾಯಿತು. ‘ಯುವ ವಯಸ್ಕ ಸಾಹಿತ್ಯ’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ‘ಹದಿಹರೆಯದವರ ಕಾದಂಬರಿ’ ಪರವಾಗಿಲ್ಲ, ಆದರೆ ಹದಿಹರೆಯ ಅನ್ನೋ ಪದವನ್ನು ಹದಿಹರೆಯದವರು ಯಾರೂ ಬಳಸಲ್ಲ, ಅಲ್ವಾ? ನಾನು ನಿನ್ನ ಹಾಗೆ ಯಂಗ್ ಅಡಲ್ಟ್ ಅಂತಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲೂ ಇದನ್ನು ಚಾಲ್ತಿಗೆ ತಂದವರು ಹೆಚ್ಚಾಗಿ ಗ್ರಂಥಪಾಲಕರೇ, ಬರಹಗಾರರಲ್ಲ. ಅಮೆರಿಕದ ಗ್ರಂಥಾಲಯ ಸಂಘ 1957ರಲ್ಲಿ ಈ ವಯಸ್ಸಿನವರಿಗಾಗಿ ಪ್ರತ್ಯೇಕ ವಿಭಾಗ ತೆರೆಯಿತು. ಆಗ ಆ ಕಪಾಟಿನಲ್ಲಿ ಇಡಲು ಇವರಿಗಾಗಿಯೇ ಬರೆದ ಪುಸ್ತಕ ತುಂಬಾ ಕಡಿಮೆ. ಕಪಾಟು ಮೊದಲು ಬಂತು, ಪುಸ್ತಕ ಆಮೇಲೆ ಬಂತು ಅನ್ನಬಹುದು.

ಆ ಕಪಾಟಿಗೆ ಬಂದ ಪುಸ್ತಕಗಳಲ್ಲಿ ಒಂದರ ಕಥೆ ನಿನಗೆ ಹೇಳಲೇಬೇಕು. ನಿನ್ನ ಪಟ್ಟಿಯಲ್ಲಿ ಅದಿಲ್ಲ, ಅದು ನನಗೆ ಸ್ವಲ್ಪ ಬೇಜಾರು. ಓಕ್ಲಹೋಮಾದ ಟಲ್ಸಾ ಊರಲ್ಲಿ ಸೂಸನ್ ಹಿಂಟನ್ ಅಂತ ಒಬ್ಬ ಹುಡುಗಿ. ಅವಳ ಹೈಸ್ಕೂಲಿನಲ್ಲಿ ಬಡ ಹುಡುಗರದ್ದೊಂದು ಗುಂಪು, ಅನುಕೂಲಸ್ಥರದ್ದೊಂದು ಗುಂಪು. ಇಬ್ಬರಿಗೂ ಹೊಡೆದಾಟ. ಅವಳಿಗೆ ಓದಲು ಸಿಗುತ್ತಿದ್ದ ಪುಸ್ತಕಗಳಲ್ಲಿ ಮಾತ್ರ ಇದ್ಯಾವುದೂ ಇಲ್ಲ. ಅಲ್ಲಿ ಹುಡುಗಿಯರಿಗಿದ್ದ ಒಂದೇ ಚಿಂತೆ ನೃತ್ಯಕೂಟಕ್ಕೆ ಯಾರ ಜೊತೆ ಹೋಗುವುದು ಅನ್ನೋದು. ಸಿಟ್ಟು ಬಂದು ತಾನೇ ಬರೆಯಲು ಕೂತಳು. ಆಗ ವಯಸ್ಸು 15. ಹೆಚ್ಚಿನ ಭಾಗ ಬರೆದದ್ದು 16ರಲ್ಲಿ, ನಿನ್ನ ವಯಸ್ಸಿನಲ್ಲಿ. ಅದೇ ವರ್ಷ ಶಾಲೆಯ ಸೃಜನಶೀಲ ಬರವಣಿಗೆ ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದು ‘ಡಿ’ ದರ್ಜೆ. ನನಗೆ ಈ ವಿವರ ತುಂಬಾ ಇಷ್ಟ. 1967ರಲ್ಲಿ ‘ದಿ ಔಟ್‌ಸೈಡರ್ಸ್’ ಅಚ್ಚಾಯಿತು. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳು ಅಂದರೆ ವಿಮರ್ಶಕರು ಮೂಗು ಮುರಿಯುತ್ತಾರೆ ಎಂದು ಪ್ರಕಾಶಕರು ಮುಖಪುಟದಲ್ಲಿ ಎಸ್. ಇ. ಹಿಂಟನ್ ಅಂತ ಮಾತ್ರ ಹಾಕಿದರು.

ಮುಂದಿನದ್ದನ್ನು ಹಸಿರು ಶಾಯಿಯಲ್ಲಿ ಪತ್ರ ಬರೆಯುವವರು ವಿಶೇಷವಾಗಿ ಗಮನಿಸಬೇಕು. 1980ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಮಕ್ಕಳು ಈ ಪುಸ್ತಕವನ್ನು ಸಿನಿಮಾ ಮಾಡಿ ಅಂತ ಕೇಳಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಸಹಿ ಹಾಕಿದ ಅರ್ಜಿ ಕಳಿಸಿದರು. ಪತ್ರ ಬರೆದದ್ದು ಅವರ ಲೈಬ್ರರಿಯನ್. ಕೊಪ್ಪೊಲಾ ಆಗಲೇ ಜಗತ್ತಿಗೆಲ್ಲ ಗೊತ್ತಿದ್ದ ನಿರ್ದೇಶಕ. ಇಂಥ ಪತ್ರವನ್ನು ಕಸದಬುಟ್ಟಿಗೆ ಹಾಕಿದ್ದರೂ ಕೇಳುವವರಿರಲಿಲ್ಲ. ಹಾಕಲಿಲ್ಲ. 1983ರಲ್ಲಿ ಸಿನಿಮಾ ಬಂತು. ಅದಕ್ಕೇ ಓದುಗರ ಪತ್ರ ದಪ್ಪ ಇದ್ದರೂ ನಾವು ಒಡೆಯುತ್ತೇವೆ.

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಅವರ ಮಾತಿನ ಹಿಂದೆ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲಲ್ಲಿ ಚಿತ್ರದ ಪುಸ್ತಕ, ನಡುವೆ ನಿನ್ನ ಪುಸ್ತಕಗಳು, ಮೇಲೆ ಅವರು ಓದುವಂಥವು. ಹತ್ತಿದ ಮೇಲೆ ಕೆಳಗಿನದನ್ನು ಮರೆತುಬಿಡಬೇಕು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ನಿನ್ನ ವಯಸ್ಸಿನಲ್ಲಿ, ಎಲ್ಲರೂ ಹೊಗಳುತ್ತಿದ್ದರು ಅಂತ, 600 ಪುಟದ ಒಂದು ಕಾದಂಬರಿಯನ್ನು ಹಟ ಹಿಡಿದು ಮುಗಿಸಿದೆ. ಮುಗಿಸಿದೆ ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡೆ. ಇವತ್ತು ಆ ಓದಿನಿಂದ ನೆನಪಿರುವುದು ರಟ್ಟಿನ ಬಣ್ಣ ಒಂದೇ. 34ನೇ ವಯಸ್ಸಿನಲ್ಲಿ ಮತ್ತೆ ಓದಿದಾಗ ಅದು ಬೇರೆಯೇ ಪುಸ್ತಕ.

ಏಣಿ ಅಲ್ಲ ಅಂದರೆ ಮತ್ತೇನು? ನನಗೆ ಕಾಣುವ ವ್ಯತ್ಯಾಸ ಇದು: ಕಥೆ ಹೇಳುವವರು ಎಲ್ಲಿ ನಿಂತಿದ್ದಾರೆ ಅನ್ನೋದು. ಸುಮ್ನೆ ಹೇಳಿದರೆ ಅರ್ಥವಾಗಲ್ಲ, ತೋರಿಸುತ್ತೇನೆ. ಒಂದು ಸನ್ನಿವೇಶ ಇಟ್ಟುಕೋ. ಹುಡುಗಿಯೊಬ್ಬಳು ಮನೆಗೆ ಬೇಗ ಬರುತ್ತಾಳೆ. ದೊಡ್ಡವರ ಕಾದಂಬರಿಯಲ್ಲಿ ಅದು ಹೀಗೆ ಬರಬಹುದು:

“ಆ ಮಧ್ಯಾಹ್ನ ಅಮ್ಮ ನನ್ನನ್ನೂ ಕರೆದುಕೊಂಡು ಮನೆ ಬಿಡಲು ಹೊರಟಿದ್ದಳು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಕೇಳಲು ಅವಳೇ ಇರಲಿಲ್ಲ.”

ನಿನ್ನ ಪುಸ್ತಕದಲ್ಲಾದರೆ ಹೀಗೆ:

“ಅಮ್ಮ ಮಂಚದ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಸೂಟ್‌ಕೇಸ್. ಜಿಪ್ ಅರ್ಧ ಹಾಕಿದೆ. ‘ಇಷ್ಟು ಬೇಗ ಬಂದ್ಯಾ?’ ಅಂತಾಳೆ. ನನ್ನ ಹಸಿರು ಸ್ವೆಟರ್ ಯಾಕೆ ಅದರೊಳಗಿದೆ?”

ಎರಡೂ ನಾನೇ ಈಗ ಬರೆದದ್ದು, ಬೈಯಬೇಡ. ಮೊದಲನೆಯದರಲ್ಲಿ ಹೇಳುವವಳಿಗೆ ಎಲ್ಲ ಗೊತ್ತು. ದೂರದಲ್ಲಿ ನಿಂತು ನೋಡುತ್ತಿದ್ದಾಳೆ. ಅದರ ನೋವು ಆ ದೂರದಲ್ಲೇ ಇದೆ. ಎರಡನೆಯದರಲ್ಲಿ ಅವಳಿಗೆ ಏನೂ ಗೊತ್ತಿಲ್ಲ, ಸ್ವೆಟರ್ ಕಾಣಿಸಿದೆ ಅಷ್ಟೇ. ನಿನಗೆ ಅವಳಿಗಿಂತ ಒಂದು ಕ್ಷಣ ಮೊದಲೇ ಗೊತ್ತಾಗಿಬಿಡುತ್ತದೆ. ಆಗ ನಿನ್ನ ಎದೆ ಧಸಕ್ಕೆನ್ನುತ್ತದೆ. ಇದು ಸುಲಭದ ಕೆಲಸ ಅಂತ ಯಾರಾದರೂ ಹೇಳಿದರೆ ಅವರು ಬರೆದು ನೋಡಿಲ್ಲ ಅಂತ ಅರ್ಥ. ಬರೆಯುವವರಿಗೆ 45 ವರ್ಷ, ಗೊತ್ತಿರುವುದನ್ನೆಲ್ಲ ಬಚ್ಚಿಡಬೇಕು. ಒಂದೇ ಒಂದು ಜಾಣ ಮಾತು ನುಸುಳಿದರೂ ಸಾಕು, ನಿನ್ನಂಥವರು ತಕ್ಷಣ ಹಿಡಿಯುತ್ತೀರಿ: “ಇದು ಆಂಟಿ ಮಾತಾಡ್ತಿರೋದು.”

ದೊಡ್ಡವರೂ ಈ ಪುಸ್ತಕಗಳನ್ನು ಓದುತ್ತಾರೆ ಅನ್ನೋದು ಚಿಕ್ಕಪ್ಪನಿಗೆ ಗೊತ್ತಾ? ಅಮೆರಿಕದಲ್ಲಿ 2012ರಲ್ಲಿ ಒಂದು ಸಮೀಕ್ಷೆ ಮಾಡಿದಾಗ, ಈ ವಯಸ್ಸಿನವರ ಪುಸ್ತಕ ಕೊಳ್ಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 18 ದಾಟಿದವರೇ ಆಗಿದ್ದರು. ಮಕ್ಕಳಿಗೆ ಅಂತ ಕೊಂಡವರು ಇದ್ದಾರು. ತಮಗೇ ಕೊಂಡವರೂ ಬಹಳ. ಎರಡು ವರ್ಷದ ಹುಚ್ಚಾಗಿದ್ದರೆ ಇಷ್ಟು ಹೊತ್ತಿಗೆ ಇಳಿಯಬೇಕಿತ್ತು.

ಅಂದರೆ ನಿನ್ನ 41ಕ್ಕೂ ನನ್ನ ಜೈಕಾರ ಅಂತ ತಿಳಿಯಬೇಡ. ನಿನ್ನ ಪಟ್ಟಿಯಲ್ಲಿ 38ಕ್ಕೆ ಐದು ನಕ್ಷತ್ರ! ಅಷ್ಟು ಒಳ್ಳೆಯ ಪುಸ್ತಕ ಯಾವ ಪ್ರಕಾರದಲ್ಲೂ ಒಂದು ವರ್ಷಕ್ಕೆ ಸಿಗುವುದಿಲ್ಲ ಮಾರಾಯ್ತಿ. ನಾನು ಓದಿದ ಯಂಗ್ ಅಡಲ್ಟ್ ಕಾದಂಬರಿಗಳಲ್ಲಿ ಮೊದಲ ಅಧ್ಯಾಯದಲ್ಲೇ ಹುಡುಗಿ ಕನ್ನಡಿ ಮುಂದೆ ನಿಂತು ತನ್ನ ಕೂದಲು ವರ್ಣಿಸಿಕೊಂಡರೆ ಪುಸ್ತಕ ಮುಚ್ಚಿಡುತ್ತೇನೆ. ಇಬ್ಬರು ಹುಡುಗರ ನಡುವೆ ಒಬ್ಬಳು, ಒಬ್ಬ ಮೌನಿ, ಇನ್ನೊಬ್ಬ ವಾಚಾಳಿ. ಮೌನಿಯೇ ಗೆಲ್ಲುತ್ತಾನೆ ಅಂತ ಪುಟ 30ಕ್ಕೇ ಗೊತ್ತು. ಒಂದು ಪುಸ್ತಕದಲ್ಲಿ ಮುಗಿಯುವ ಕಥೆಯನ್ನು ಮೂರಕ್ಕೆ ಎಳೆಯುವುದಂತೂ ಬರೀ ವ್ಯಾಪಾರ. ಅಪ್ಪ ಅಮ್ಮ ಯಾವಾಗಲೂ ಸತ್ತಿರುತ್ತಾರೆ ಅಂತ ನೀನೇ ನಗಾಡಿದ್ದೀಯ. ಅದಕ್ಕೆ ಮಾತ್ರ ಒಂದು ಕಾರಣ ಇದೆ. ಅಪ್ಪ ಅಮ್ಮ ಪಕ್ಕದ ಕೋಣೆಯಲ್ಲಿದ್ದರೆ ಹುಡುಗಿ ಅವರನ್ನು ಕೇಳುತ್ತಾಳೆ, ಅವರು ಬಗೆಹರಿಸುತ್ತಾರೆ, ಕಥೆ ಮುಗಿಯಿತು. ಸೋಮಾರಿ ಬರಹಗಾರರು ಅವರನ್ನು ಸಾಯಿಸುತ್ತಾರೆ. ಜಾಣರು ಬದುಕಿಸಿಟ್ಟು, ಅವರನ್ನು ಕೇಳಲಾಗದಂಥ ಪ್ರಶ್ನೆಯೊಂದನ್ನು ಹುಡುಗಿಗೆ ಕೊಡುತ್ತಾರೆ.

ಅಮೆರಿಕದ ಕಾದಂಬರಿಕಾರ ರಾಬರ್ಟ್ ಕಾರ್ಮಿಯರ್ ಈ ಎರಡನೇ ಜಾತಿಯವರು. ಪತ್ರಕರ್ತರಾಗಿದ್ದವರು. ಅವರ ಮಗನ ಶಾಲೆಯಲ್ಲಿ ಹಣ ಕೂಡಿಸಲು ಮಕ್ಕಳ ಕೈಲಿ ಚಾಕೊಲೇಟ್ ಮಾರಿಸುತ್ತಿದ್ದರು. ಮಗ ಮಾರಲ್ಲ ಅಂದ. ನಿಜದಲ್ಲಿ ಅವನಿಗೆ ಏನೂ ಆಗಲಿಲ್ಲ. ಆದರೆ ಅಪ್ಪನ ತಲೆಯಲ್ಲಿ ಹುಳ ಹೊಕ್ಕಿತು: ಏನಾದರೂ ಆಗಿದ್ದರೆ? ಹಾಗೆ ಹುಟ್ಟಿದ್ದು 1974ರ ‘ದಿ ಚಾಕೊಲೇಟ್ ವಾರ್’. ಕೊನೆ ಬದಲಾಯಿಸಿ, ಮಕ್ಕಳಿಗೆ ಇಷ್ಟು ಕಹಿ ಬೇಡ ಅಂತ ಪ್ರಕಾಶಕರು ಕೇಳಿದರು. ಅವರು ಒಪ್ಪಲಿಲ್ಲ. ಅದಾಗಿ ಮೂರು ವರ್ಷಕ್ಕೆ ‘ಐ ಆಮ್ ದ ಚೀಸ್’ ಬಂತು. ಅದರಲ್ಲಿ ಒಂದು ಹುಡುಗಿಯ ಫೋನ್ ನಂಬರ್ ಇದೆ. ಅದು ಕಾರ್ಮಿಯರ್ ಮನೆಯ ನಿಜವಾದ ನಂಬರ್. ಓದಿದ ಹುಡುಗ ಹುಡುಗಿಯರು ವರ್ಷಗಟ್ಟಲೆ ಫೋನ್ ಮಾಡುತ್ತಿದ್ದರು. ಅವರು ಎತ್ತಿ ಮಾತಾಡುತ್ತಿದ್ದರು. ಚಿಕ್ಕಪ್ಪ ಹೇಳುವ ನಿಜವಾದ ಸಾಹಿತಿಗಳಲ್ಲಿ ಎಷ್ಟು ಜನ ಈ ಧೈರ್ಯ ಮಾಡಿದ್ದಾರೋ!

ಇನ್ನು ನಿನ್ನ ಜೊತೆ ಒಂದು ಜಗಳ. “ದೊಡ್ಡವರ ಕಾದಂಬರಿ ಬರೀ ಬೋರು, ಏನೂ ನಡೆಯಲ್ಲ” ಅಂದಿದ್ದೀಯ. ಎಷ್ಟು ಓದಿ ಈ ಮಾತು? ಪತ್ರದ ಪ್ರಕಾರ ಎರಡೂವರೆ. ಹಾಗಾದರೆ ನಿನಗೂ ಚಿಕ್ಕಪ್ಪನಿಗೂ ಏನು ವ್ಯತ್ಯಾಸ? ಅವರೂ ನಿನ್ನ ರಾಶಿಯಿಂದ ಒಂದನ್ನೂ ತೆಗೆದು ಓದಿಲ್ಲ. ನನ್ನ ಕೈಲಿದ್ದರೆ ಇಬ್ಬರಿಗೂ ಒಂದೊಂದು ಪುಸ್ತಕ ಅದಲುಬದಲು ಮಾಡಿಸುತ್ತಿದ್ದೆ. ನಿನ್ನ ಪಟ್ಟಿಯಲ್ಲಿ ನಿನಗೆ ತೀರಾ ಇಷ್ಟವಾದದ್ದನ್ನು ಅವರಿಗೆ ಕೊಡು. ಅವರು 16ರಲ್ಲಿ ಓದಿ ಮರೆಯದ ಒಂದನ್ನು ನಿನಗೆ ಕೊಡಲಿ. ಒಳ್ಳೆಯದು ಅಂತ ಹೆಸರಾದದ್ದು ಬೇಡ, ಮರೆಯದೆ ಉಳಿದದ್ದು. ಐವತ್ತು ಪುಟದವರೆಗೆ ಯಾರೂ ಬಾಯಿ ಬಿಡಬಾರದು. ಆಮೇಲೆ ಎಷ್ಟು ಬೇಕಾದರೂ ಕಿತ್ತಾಡಿ.

ಕೊನೆಗೆ ನಿನ್ನ ವಿಮರ್ಶೆ. ಕಡೆಯ ಪುಟದಲ್ಲಿ ಒಂದು ಕಾದಂಬರಿ ಬಗ್ಗೆ ಬರೆದು, “ಹಾಕ್ತೀರಾ?” ಅಂತ ಕೇಳಿದ್ದೀಯ. ಹೀಗಿರುವಾಗ ಹಾಕಲು ಬರಲ್ಲ. ‘ಸೂಪರ್’ ಒಂಬತ್ತು ಸಲ ಬಂದಿದೆ, ಎಣಿಸಿದ್ದೇನೆ. ಕಥೆಯ ಸಾರಾಂಶವೇ ಮುಕ್ಕಾಲು ಪುಟ, ಅದು ಪುಸ್ತಕದ ಹಿಂಬದಿಯಲ್ಲೂ ಸಿಗುತ್ತದೆ. ಆದರೆ ನಡುವೆ ಒಂದು ಸಾಲು ಇದೆ: “ಪುಟ 212 ಓದಿ ಪುಸ್ತಕ ಮುಚ್ಚಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.” ಅಷ್ಟು ಹೇಳಿ ಮುಂದಕ್ಕೆ ಓಡಿಬಿಟ್ಟಿದ್ದೀಯ, ಮುಖಪುಟದ ಚಿತ್ರ ಸೂಪರ್ ಅಂತ!

ನನಗೆ ಆ ಪುಸ್ತಕ ಸಿಕ್ಕಿಲ್ಲ. ಎರಡು ದಿನದಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಯಾರು ಏನಂದರು? ಯಾರೂ ಏನೂ ಅನ್ನಲಿಲ್ಲವಾ? ಅದಕ್ಕೂ ಮೊದಲು, ಪುಟ 40ರಲ್ಲೋ 90ರಲ್ಲೋ ಬಂದಿದ್ದ ಯಾವ ಸಣ್ಣ ವಿಷಯ ಅಲ್ಲಿ ಮತ್ತೆ ಬಂತು? ನಲ್ಲಿ ಯಾಕೆ ಬಿಟ್ಟುಕೊಂಡೆ, ಯಾರಿಗೆ ಕೇಳಿಸಬಾರದಿತ್ತು? ಉಳಿದದ್ದನ್ನೆಲ್ಲ ಹರಿದುಹಾಕಿ, ಇಷ್ಟನ್ನೇ 300 ಪದಗಳಲ್ಲಿ ಬರೆದು ಕಳಿಸು. ಹಸಿರು ಶಾಯಿ ಆದರೂ ಪರವಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಇಟ್ಟಿರುತ್ತೇನೆ.

ಇಂತು,
ಸಂಪಾದಕಿ