ಇಂಡಿಯಾನಾ ವಿಶ್ವವಿದ್ಯಾಲಯದ ಪುರುಷರ ಸಾಕರ್ ತಂಡ: 8 ಪ್ರಶಸ್ತಿಯೋ 9 ಪ್ರಶಸ್ತಿಯೋ?

ನೀವು ಕೇಳಿರುವುದು ಮೂರು ವಿಷಯ. ತಂಡ ಶುರುವಾದದ್ದು 1963ರಲ್ಲೋ 1973ರಲ್ಲೋ? 1978ರದ್ದನ್ನೂ ಸೇರಿಸಿ 9 ಪ್ರಶಸ್ತಿ ಎನ್ನಬಹುದೇ? ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 10 ಗೆದ್ದಿರುವಾಗ ಇಂಡಿಯಾನಾವನ್ನೇಕೆ ಅಷ್ಟು ಮೇಲಿಡುತ್ತಾರೆ?

ಮೊದಲು ಎರಡನೆಯದು. ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಲ್ಲಿ ಇಂಡಿಯಾನಾ ಗೆದ್ದ ಪ್ರಶಸ್ತಿ 8, ಒಂಬತ್ತಲ್ಲ. ಗೆದ್ದ ವರ್ಷಗಳು 1982, 1983, 1988, 1998, 1999, 2003, 2004, 2012. ಗೊಂದಲ ಹುಟ್ಟುವುದು 1978ರಿಂದ. ಆ ವರ್ಷ ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಇಂಡಿಯಾನಾವನ್ನು 2-0ಯಿಂದ ಸೋಲಿಸಿತು. ಆಮೇಲೆ ಅರ್ಹತೆಯಿಲ್ಲದ ಆಟಗಾರನನ್ನು ಆಡಿಸಿದ್ದಕ್ಕಾಗಿ, ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಆ ಪ್ರಶಸ್ತಿಯನ್ನು ರದ್ದು ಮಾಡಿತು. ಆದರೆ ಗೆದ್ದವರಿಂದ ಕಿತ್ತುಕೊಂಡದ್ದನ್ನು ಸೋತವರಿಗೆ ಕೊಡುವ ಪದ್ಧತಿ ಅಲ್ಲಿಲ್ಲ. ಆ ವರ್ಷದ ಜಾಗ ಖಾಲಿ ಉಳಿಯುತ್ತದೆ, ಅಷ್ಟೇ. ಬೇರೆ ಯಾವ ಕಾಲೇಜು ತಂಡದ ಪಟ್ಟಿ ನೋಡುವಾಗಲೂ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಇನ್ನು 1963 ಮತ್ತು 1973, ಎರಡೂ ಸರಿ. ಕೋಚ್ ಜೆರ್ರಿ ಯೇಗ್ಲಿ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್‌ಟನ್‌ಗೆ ಬಂದದ್ದು 1963ರಲ್ಲಿ. ಅವರು 1961ರಲ್ಲಿ ವೆಸ್ಟ್ ಚೆಸ್ಟರ್ ಕಾಲೇಜಿನ ಪರ ಆಡಿ ಎನ್‌ಸಿಎಎ ಪ್ರಶಸ್ತಿ ಗೆದ್ದಿದ್ದವರು. ಆದರೆ ಅವರ ಕೈಗೆ ಸಿಕ್ಕಿದ್ದು ಕ್ಲಬ್ ತಂಡ. ಅಮೆರಿಕದ ಕಾಲೇಜುಗಳಲ್ಲಿ ಕ್ಲಬ್ ಎಂದರೆ ವಿದ್ಯಾರ್ಥಿಗಳು ತಾವೇ ಕೂಡಿ ಆಡುವ ತಂಡ. ವಾರ್ಸಿಟಿ ಎಂದರೆ ವಿಶ್ವವಿದ್ಯಾಲಯವೇ ಹಣ ಹಾಕಿ ನಡೆಸುವ, ಎನ್‌ಸಿಎಎ ಟೂರ್ನಿಗೆ ಅರ್ಹವಾದ ತಂಡ. ಆ ಮಾನ್ಯತೆಗಾಗಿ ಯೇಗ್ಲಿ ಹತ್ತು ವರ್ಷ ಕಾದರು, 1973ರಲ್ಲಿ ಸಿಕ್ಕಿತು. ದಾಖಲೆ ಪುಸ್ತಕದ ಲೆಕ್ಕ ಅಲ್ಲಿಂದ ಶುರು. ನನ್ನ ಪ್ರಕಾರ ಈ ತಂಡದ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗವೇ ಆ ಹತ್ತು ವರ್ಷ. ಅದಿಲ್ಲದಿದ್ದರೆ ವಾರ್ಸಿಟಿಯಾದ ನಾಲ್ಕನೆಯ ಸೀಸನ್‌ನಲ್ಲೇ, 1976ರಲ್ಲಿ, ಫೈನಲ್ ಆಡಲು ಆಗುತ್ತಿರಲಿಲ್ಲ.

ಆ ಫೈನಲ್ ಸ್ಯಾನ್ ಫ್ರಾನ್ಸಿಸ್ಕೋ ಎದುರು 1-0 ಸೋಲು. 1978ರದ್ದು ಮೇಲೆ ಹೇಳಿದೆ. 1980ರಲ್ಲಿ ಮತ್ತೆ ಅದೇ ತಂಡ, ಈ ಸಲ ಹೆಚ್ಚುವರಿ ಸಮಯದಲ್ಲಿ 4-3 ಸೋಲು. ಐದು ವರ್ಷದಲ್ಲಿ ಮೂರು ಫೈನಲ್, ಮೂರರಲ್ಲೂ ಎದುರಾಳಿ ಒಬ್ಬರೇ. ಕೊನೆಗೂ 1982ರಲ್ಲಿ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಡ್ಯೂಕ್ ವಿರುದ್ಧ ಮೊದಲ ಪ್ರಶಸ್ತಿ ಬಂತು, 2-1. 90 ನಿಮಿಷಕ್ಕೆ ಮುಗಿಯದ ಆಟ ಎಂಟನೆಯ ಹೆಚ್ಚುವರಿ ಅವಧಿಯವರೆಗೆ ಎಳೆದು 159 ನಿಮಿಷ ದಾಟಿತ್ತು. ಎರಡೂ ಗೋಲು ಗ್ರೆಗ್ ಥಾಂಪ್ಸನ್ ಅವರದೇ. ಮರುವರ್ಷ ಕೊಲಂಬಿಯಾ ಮೇಲೆ 1-0. 1988ರ ಫೈನಲ್ ಬ್ಲೂಮಿಂಗ್‌ಟನ್‌ನಲ್ಲೇ, 1981ರಲ್ಲಿ ತೆರೆದ ಬಿಲ್ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣದಲ್ಲಿ ನಡೆಯಿತು. ತವರು ಜನರೆದುರು ಹೋವರ್ಡ್ ವಿಶ್ವವಿದ್ಯಾಲಯವನ್ನು 1-0ಯಿಂದ ಸೋಲಿಸಿದರು. ಆ ತಂಡದ ಕೆನ್ ಸ್ನೋ 1988 ಮತ್ತು 1990ರಲ್ಲಿ, ಎರಡು ಸಲ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹರ್ಮನ್ ಟ್ರೋಫಿ ಪಡೆದವರು.

ಸೇಂಟ್ ಲೂಯಿಸ್ ಜೊತೆಗಿನ ಹೋಲಿಕೆಯಲ್ಲಿ ಬರೀ 10 ದೊಡ್ಡದೋ 8 ದೊಡ್ಡದೋ ಎಂದು ನೋಡಿದರೆ ದಾರಿ ತಪ್ಪುತ್ತದೆ. ಅವರ ಹತ್ತೂ ಪ್ರಶಸ್ತಿ 1959ರಿಂದ 1973ರೊಳಗೆ ಬಂದವು. ಅದರಲ್ಲಿ 1967ರದ್ದು ಮಿಷಿಗನ್ ಸ್ಟೇಟ್ ಜೊತೆ ಹಂಚಿಕೊಂಡದ್ದು. ಫೈನಲ್ 0-0 ಇದ್ದಾಗ ಹವಾಮಾನ ಕೆಟ್ಟು ಆಟ ನಿಲ್ಲಿಸಬೇಕಾಯಿತು. 1959ರ ಮೊದಲ ಟೂರ್ನಿಯಲ್ಲಿ ಇದ್ದದ್ದು 8 ತಂಡ, ಈಗ 48. ಹಾಗೆಂದು ಸೇಂಟ್ ಲೂಯಿಸ್ ಸಾಧನೆ ಸಣ್ಣದಲ್ಲ. ಊರಿನ ಚರ್ಚ್ ಲೀಗುಗಳಲ್ಲಿ ಬೆಳೆದ ಹುಡುಗರನ್ನೇ ಕಟ್ಟಿಕೊಂಡು ಗೆದ್ದವರು ಅವರು. ಅವರ ಕೋಚ್‌ಗಳಲ್ಲೊಬ್ಬರಾದ ಹ್ಯಾರಿ ಕೀಓ 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ ಅಮೆರಿಕ ತಂಡದಲ್ಲಿ ಆಡಿದ್ದವರು. ಆದರೆ ಸೇಂಟ್ ಲೂಯಿಸ್ ಕೊನೆಯ ಸಲ ಗೆದ್ದ 1973ರಲ್ಲೇ ಇಂಡಿಯಾನಾ ಮೊದಲ ಸಲ ಕಣಕ್ಕಿಳಿದದ್ದು. ಅಲ್ಲಿಂದ ಈಚೆಗೆ ಇಂಡಿಯಾನಾದಷ್ಟು ಪ್ರಶಸ್ತಿ ಯಾರಿಗೂ ಬಂದಿಲ್ಲ.

ಎಂಟು ಗೆಲುವುಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಒಂದೇ ಸಮನೆ ಮೇಲೆ ಉಳಿದದ್ದು. 1987ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಒಂದು ವರ್ಷವೂ ಟೂರ್ನಿ ತಪ್ಪಿಸಿಕೊಂಡಿಲ್ಲ. ಕಾಲೇಜು ಆಟದಲ್ಲಿ ಇದು ಯಾಕೆ ಕಷ್ಟವೆಂದರೆ, ನಾಲ್ಕು ವರ್ಷಕ್ಕೆ ಇಡೀ ತಂಡ ಬದಲಾಗುತ್ತದೆ. ಸ್ಕಾಲರ್‌ಶಿಪ್‌ಗೂ ಮಿತಿಯಿತ್ತು: 2024-25ರ ತನಕ ಪುರುಷರ ಸಾಕರ್‌ಗೆ 9.9 ಪೂರ್ಣ ಸ್ಕಾಲರ್‌ಶಿಪ್ ಮಾತ್ರ. ಅದನ್ನೇ ತುಂಡು ತುಂಡಾಗಿ ಇಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ಹಂಚಬೇಕು. ಮೇಲೆ ನಾಕೌಟ್ ಬೇರೆ. 1997ರಲ್ಲಿ ಸೆಮಿಫೈನಲ್‌ವರೆಗೆ ಸೋಲನ್ನೇ ಕಾಣದೆ ಬಂದ ತಂಡ ಯುಸಿಎಲ್‌ಎ ಎದುರು 1-0ಯಿಂದ ಹೊರಬಿತ್ತು. ಅದಾದ ಮೇಲೆ ಎರಡು ವರ್ಷವೂ ಪ್ರಶಸ್ತಿ ಗೆದ್ದರು.

ಯೇಗ್ಲಿ 2003ರಲ್ಲಿ ಸೇಂಟ್ ಜಾನ್ಸ್ ಮೇಲೆ 2-1 ಗೆದ್ದು, ಆರನೆಯ ಪ್ರಶಸ್ತಿಯೊಂದಿಗೆ ನಿವೃತ್ತರಾದರು. ಮರುವರ್ಷದ ಗೆಲುವು ಮೈಕ್ ಫ್ರೈಟಾಗ್ ಕಾಲದ್ದು. 2010ರಿಂದ ಕೋಚ್ ಆಗಿರುವ ಟಾಡ್ ಯೇಗ್ಲಿ ಜೆರ್ರಿಯವರ ಮಗ. 1994ರ ಫೈನಲ್‌ನಲ್ಲಿ ವರ್ಜೀನಿಯಾಗೆ ಸೋತ ತಂಡದಲ್ಲಿ ಅವರೂ ಆಡಿದ್ದರು. 2012ರಲ್ಲಿ ಜಾರ್ಜ್‌ಟೌನ್ ಮೇಲಿನ 1-0 ಗೆಲುವು ಅವರ ಕೈಕೆಳಗೆ ಬಂದದ್ದು. ಅಲ್ಲಿಂದ ಮುಂದೆ 2017, 2020, 2022ರಲ್ಲಿ ಫೈನಲ್ ತಲುಪಿ ಮೂರರಲ್ಲೂ ಸೋತರು.

ಅಂಕಿಪಟ್ಟಿ ನೋಡುವಾಗ ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. 2020ರ ಸೀಸನ್ನಿನ ಫೈನಲ್ ಕೋವಿಡ್‌ನಿಂದಾಗಿ ನಡೆದದ್ದು 2021ರ ಮೇ ತಿಂಗಳಲ್ಲಿ, ಆದ್ದರಿಂದ ಎರಡು ವರ್ಷಗಳಲ್ಲಿ ಯಾವುದು ಕಂಡರೂ ಪಂದ್ಯ ಒಂದೇ. ಅಲ್ಲಿನ ಪಟ್ಟಿಯಲ್ಲಿ ಮೂರು ಅಂಕಿ ಇದ್ದರೆ ಅದು ಗೆಲುವು, ಸೋಲು, ಡ್ರಾ, ಅದೇ ಕ್ರಮದಲ್ಲಿ. ಯುರೋಪಿನ ಲೀಗ್ ಪಟ್ಟಿಯಂತೆ ಡ್ರಾ ನಡುವೆ ಬರುವುದಿಲ್ಲ. ಪೆನಾಲ್ಟಿ ಶೂಟೌಟ್‌ಗೆ ಹೋದ ಪಂದ್ಯ ಡ್ರಾ ಎಂದೇ ದಾಖಲಾಗುತ್ತದೆ. ಹಾಗಾಗಿ 2004ರಲ್ಲಿ ಸಾಂಟಾ ಬಾರ್ಬರಾ ಎದುರು 1-1 ಆಗಿ ಶೂಟೌಟ್‌ನಲ್ಲಿ ಪ್ರಶಸ್ತಿ ಗೆದ್ದ ಆಟವೂ, 2022ರಲ್ಲಿ ಸಿರಾಕ್ಯೂಸ್ ಎದುರು 2-2 ಆಗಿ ಶೂಟೌಟ್‌ನಲ್ಲಿ ಕಳೆದುಕೊಂಡ ಆಟವೂ ಪುಸ್ತಕದಲ್ಲಿ ಡ್ರಾ ಕಾಲಂನಲ್ಲೇ ಇವೆ.